ಸಕ್ಕರೆ ಬೇಡ ಅಂದವನು ಲಗ್ನಪತ್ರಿಕೆ ಹಂಚಿದ್ದು

ನಮ್ಮ ಸೀಮೆಯಲ್ಲಿ ಊಟ ಬೇಡ ಅಂದರೆ ಎರಡು ಸಲ ಒತ್ತಾಯ ಮಾಡಿ ಬಿಡುತ್ತಾರೆ. ಕಾಫಿಗೆ ಸಕ್ಕರೆ ಬೇಡ ಅಂದರೆ ಮಾತ್ರ ಬಿಡುವುದಿಲ್ಲ. ಇಂಥವು ಎಲ್ಲರ ಬಾಳಿನಲ್ಲೂ ಆಗಾಗ ನಡೆಯುತ್ತಲೇ ಇರುತ್ತವೆ. ನನಗೆ ಮಾತ್ರ ಮಗಳ ಮದುವೆಯ ಹೊತ್ತಿಗೇ ಸಾಲು ಹಿಡಿದು ಬಂದವು.

ನಾನು ಪಿಲ್ಲಗುಂಪೆಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವನು. ಮನೆ ಹೊಸಕೋಟೆಯಲ್ಲಿ. ಮದುವೆ ಗೊತ್ತಾದ ಮೇಲೆ ನೋಡಿದರೆ ಬಲಗಣ್ಣಿಗೆ ಪೊರೆ. ಎಡಗಣ್ಣೂ ಅದರ ದಾರಿಯನ್ನೇ ಹಿಡಿದಿತ್ತು. ಕಣ್ಣಿನ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, "ಇಷ್ಟು ಶುಗರ್ ಇಟ್ಕೊಂಡು ಆಪರೇಷನ್ ಮಾಡಕ್ಕಾಗಲ್ಲ ಯಜಮಾನ್ರೇ. ಇಳಿಸ್ಕೊಂಡು ಬನ್ನಿ, ಮದುವೆಗೆ ಮುಂಚೆನೇ ಮಾಡಿಬಿಡೋಣ. ಇಳೀಲಿಲ್ಲ ಅಂದ್ರೆ ಮದುವೆ ಆದ್ಮೇಲೆ" ಎಂದರು.

ನನಗಿರುವುದು ಒಬ್ಬಳೇ ಮಗಳು. ಧಾರೆ ಎರೆಯುವಾಗ ಅವಳ ಮುಖ ಹಬೆ ಕೂತ ಕನ್ನಡಿಯಲ್ಲಿ ಕಂಡಂತೆ ಕಂಡರೆ ನಾನು ಅಪ್ಪನಾಗಿ ಏನು ಬಂತು? ಅವತ್ತೇ ತೀರ್ಮಾನ ಮಾಡಿದೆ. ಆಪರೇಷನ್ ಆಗುವ ತನಕ ನಾಲಗೆಗೆ ಸಿಹಿ ಸೋಕಕೂಡದು.

ತೀರ್ಮಾನ ಗಟ್ಟಿಯಾಗಿಯೇ ಇತ್ತು. ಆದರೆ ಪತ್ರಿಕೆ ಹಂಚಬೇಕಿತ್ತಲ್ಲ! ಗಂಡ ಹೆಂಡತಿ ಇಬ್ಬರೂ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಕರೆಯಲು ಬಂದವರನ್ನು ಯಾರೂ ಬರೀ ಬಾಯಲ್ಲಿ ಕಳಿಸುವುದಿಲ್ಲ. ಕೊಟ್ಟದ್ದನ್ನು ಕುಡಿಯದೆ ಎದ್ದರೆ, "ಮದುವೆ ಇನ್ನೂ ಆಗೇ ಇಲ್ಲ, ಆಗ್ಲೇ ಬಿಂಕ ನೋಡು" ಅನ್ನುತ್ತಾರೆ.

ಅಕ್ಕನ ಬೆಲ್ಲ

ಮೊದಲ ಪತ್ರಿಕೆ ಅನುಗೊಂಡನಹಳ್ಳಿ ಕಡೆ ಇರುವ ನಮ್ಮಕ್ಕನಿಗೆ. ನನ್ನನ್ನು ಎತ್ತಿ ಆಡಿಸಿದವಳು. ಹೊಸಿಲು ದಾಟುವಾಗಲೇ ಹೇಳಿದೆ, "ಅಕ್ಕ, ನಂಗೆ ಸಕ್ಕರೆ ಬೇಡ."

"ಅಯ್ಯೋ, ನಿಂಗೆ ಯಾರು ಸಕ್ಕರೆ ಹಾಕ್ತಾರೋ? ನಂಗೊತ್ತಿಲ್ವಾ?" ಎಂದು ಒಳಗೆ ಹೋದಳು.

ಬಂದ ಟೀ ಬಣ್ಣದಲ್ಲೇ ಅನುಮಾನ ಹುಟ್ಟಿಸಿತು. ನನ್ನ ಹೆಂಡತಿ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದು, "ಅತ್ತಿಗೆ, ಇದು ಬೆಲ್ಲ!" ಎಂದಳು.

"ಹೂಂ ಕಣಮ್ಮ. ಕಪ್ಪು ಬೆಲ್ಲ. ಔಷಧಿ ಇದ್ದಂಗೆ."

ನಾನು ತಾಳ್ಮೆಯಿಂದ ಬಿಡಿಸಿ ಹೇಳಿದೆ. "ಅಕ್ಕ, ಬೆಲ್ಲ ಆಗೋದು ಕಬ್ಬಿಂದ. ಸಕ್ಕರೆ ಆಗೋದೂ ಅದೇ ಕಬ್ಬಿಂದ. ಮೈಗೆ ಹೋದ್ಮೇಲೆ ಎರಡೂ ಒಂದೇ."

ಅಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಒಂದೇ ಹೊಟ್ಟೇಲಿ ಹುಟ್ಟಿದ ಮಾತ್ರಕ್ಕೆ ನಾನೂ ನೀನೂ ಒಂದೇ ಏನೋ?"

ಟೀ ಮುಟ್ಟದೆ ಉಪ್ಪು ಮಜ್ಜಿಗೆ ಕುಡಿದು ಎದ್ದೆ.

ಗೆಳೆಯನ ಜೇನು

ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳೆಯನೊಬ್ಬ ಈಗ ಆವತಿಯ ಹತ್ತಿರ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟುಕೊಂಡಿದ್ದಾನೆ. ಪೆಟ್ಟಿಗೆ ಬಂದಾಗಿನಿಂದ ಅವನಿಗೆ ಪ್ರಪಂಚದ ಸಕಲ ಕಾಯಿಲೆಗೂ ಒಂದೇ ಮದ್ದು. ನೆಗಡಿಗೂ ಜೇನು, ಮಂಡಿನೋವಿಗೂ ಜೇನು.

ಪತ್ರಿಕೆ ತೆಗೆದುಕೊಂಡವನೇ ದೊಡ್ಡ ಲೋಟದ ತುಂಬ ನಿಂಬೆ ಪಾನಕ ತಂದಿಟ್ಟ. "ಕುಡಿ ಗುರು, ಒಂದು ಹರಳು ಸಕ್ಕರೆ ಹಾಕಿಲ್ಲ. ಎಲ್ಲಾ ನಮ್ಮ ಪೆಟ್ಟಿಗೆ ತುಪ್ಪ."

"ಲೇ, ಜೇನೂ ಶುಗರ್ ಏರಿಸತ್ತೆ ಕಣೋ."

"ಯಾರ್ ಹೇಳಿದ್ದು? ಹೂವಿಂದ ಬಂದಿದ್ದು ಹೆಂಗೆ ಏರಿಸತ್ತೆ? ಜೇನುಹುಳ ಹಗಲೆಲ್ಲಾ ಅದನ್ನೇ ತಿನ್ನತ್ತೆ. ಶುಗರ್ ಬಂದಿರೋ ಒಂದು ಜೇನುಹುಳ ತೋರಿಸು ನೋಡೋಣ!"

ಹೌದಲ್ಲ ಅಂತ ಒಂದು ಗಳಿಗೆ ನನಗೂ ಅನ್ನಿಸಿಬಿಟ್ಟಿತು, ಕೈ ಲೋಟದ ಕಡೆ ಹೋಗಿಯೂ ಹೋಯಿತು. ಅಷ್ಟರಲ್ಲಿ ನನ್ನ ಹೆಂಡತಿ ಕುಂಕುಮದ ಭರಣಿ ಮುಚ್ಚುತ್ತಾ ಹೇಳಿದಳು.

"ಅಣ್ಣ, ಜೇನುಹುಳ ಬೆಳಗ್ಗೆ ಎದ್ರೆ ಸಾಯಂಕಾಲದ ತನಕ ಊರೆಲ್ಲಾ ಹಾರಾಡತ್ತೆ. ಇವರು ಟಿವಿ ರಿಮೋಟ್ ತಗೊಳ್ಳೋಕೂ ನನ್ನ ಕರೀತಾರೆ."

ಮಾತ್ರೆ ಕಾಫಿ

ನನ್ನ ಅಕ್ಕನ ಮಗ ದೇವನಹಳ್ಳಿಯಲ್ಲಿ ಫ್ಲಾಟ್ ಮಾಡಿಕೊಂಡಿದ್ದಾನೆ. ಅವನ ಹೆಂಡತಿ ಏರ್‌ಪೋರ್ಟಿನಲ್ಲಿ ಕೆಲಸಕ್ಕೆ ಹೋಗುವವಳು, ಚುರುಕು ಹುಡುಗಿ. ನಾನು ಬಾಯಿ ತೆರೆಯುವ ಮುಂಚೆಯೇ, "ಮಾವ, ನಿಮಗೆ ಶುಗರ್ ಇದೆ ಅಂತ ಗೊತ್ತು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ, ಜೇನೂ ಇಲ್ಲ. ಸಿಹಿ ಮಾತ್ರೆ ಹಾಕಿದೀನಿ" ಎಂದಳು. ಡಬ್ಬಿಯನ್ನೂ ತಂದು ತೋರಿಸಿದಳು. ನನ್ನ ಕಣ್ಣಿಗೆ ಅಕ್ಷರ ಕಾಣಲಿಲ್ಲ, ಹೆಂಡತಿ ಓದಿ ತಲೆಯಾಡಿಸಿದಳು.

ಸಿಹಿ ತಪ್ಪಿಸುತ್ತೇನೆ ಅಂದವನು ನಾನೇ, ಆದರೂ ಆ ಹುಡುಗಿಯ ಕಾಳಜಿ ನೋಡಿ ಬೇಡ ಅನ್ನಲಾಗಲಿಲ್ಲ. ಕುಡಿದೆ. ಸಿಹಿಯೇನೋ ಇತ್ತು, ಆದರೆ ನಾಲಗೆಗೆ ಅಂಟಿಕೊಂಡು ಹೋಗಲೇ ಒಲ್ಲದು. ಇರಲಿ, ಕೊನೆಗೂ ಒಂದು ಮನೆಯವರಿಗೆ ನನ್ನ ಕಷ್ಟ ಅರ್ಥವಾಯಿತಲ್ಲ ಎಂದು ಸಮಾಧಾನಪಟ್ಟೆ.

ಅಷ್ಟು ಹೊತ್ತಿಗೆ ಒಳಗಿನಿಂದ ಒಂದು ಬಟ್ಟಲು ಬಂತು. ಅದರೊಳಗೆ ನಾಲ್ಕು ಜಾಮೂನು ಪಾಕದಲ್ಲಿ ಮುಳುಗಿ ಕೂತಿದ್ದವು.

"ಇದೇನಮ್ಮ?"

"ಕಾಫೀಲಿ ಉಳಿಸಿದೀವಲ್ಲ ಮಾವ, ಅದಕ್ಕೇ!"

ದೊಡ್ಡಮ್ಮ ಸೋತದ್ದು

ದೊಡ್ಡಬಳ್ಳಾಪುರದ ದೊಡ್ಡಮ್ಮನ ಹಠದ ಮುಂದೆ ನಮ್ಮಕ್ಕ ಏನೇನೂ ಅಲ್ಲ. ಟೀಗೆ ಸಕ್ಕರೆಯನ್ನೇ ಸುರಿದು ತಂದು ಎದುರಿಗಿಟ್ಟು, "ಒಂದಿನಕ್ಕೆ ಏನೂ ಆಗಲ್ಲ, ಕುಡಿಯೋ" ಎಂದಳು. ಪ್ರತಿ ಮನೆಯಲ್ಲೂ ಇದೇ ಮಾತು. ಪ್ರತಿ ಮನೆಗೂ ಒಂದೊಂದು ದಿನ ಅಂತ ಲೆಕ್ಕ ಹಾಕಿದರೆ ನನ್ನ ಕಣ್ಣಿನ ಗತಿ?

"ಡಾಕ್ಟ್ರು ಬೇಡ ಅಂದವ್ರೆ ದೊಡ್ಡಮ್ಮ."

"ಡಾಕ್ಟ್ರಿಗೇನು ಗೊತ್ತು? ನೀನು ಕುಡಿಯೋತನಕ ನಾನು ಪತ್ರಿಕೆ ಮುಟ್ಟಲ್ಲ."

ಆಪರೇಷನ್ನಿನ ಮಾತು ತೆಗೆದೆ, ಕೇಳಲಿಲ್ಲ. ಕೈ ಮುಗಿದೆ, ಮುಖ ತಿರುಗಿಸಿದಳು. ಕೊನೆಗೆ ರೋಸಿಹೋಗಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. "ದೊಡ್ಡಮ್ಮ, ಹರಕೆ ಹೊತ್ತಿದೀನಿ. ಅಮ್ಮನೋರಿಗೆ. ಮಗಳ ಮದುವೆ ತನಕ ಸಿಹಿ ಮುಟ್ಟಂಗಿಲ್ಲ."

ದೊಡ್ಡಮ್ಮ ಬೆಚ್ಚಿ ಲೋಟ ಹಿಂದಕ್ಕೆಳೆದುಕೊಂಡಳು. ಎರಡೂ ಕೆನ್ನೆ ಬಡಿದುಕೊಂಡಳು. ಬೇರೆ ಲೋಟ ತೊಳೆದು ಬರೀ ಹಾಲು ತಂದುಕೊಟ್ಟು, ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನನ್ನು ಬೈದದ್ದೇ ಬೈದದ್ದು.

"ಮೊದ್ಲೇ ನಿಜ ಹೇಳಕ್ಕೇನಾಗಿತ್ತೋ ನಿಂಗೆ? ಡಾಕ್ಟ್ರು ಗೀಕ್ಟ್ರು ಅಂತ ಸುಳ್ಳು ಹೇಳ್ಕೊಂಡು ಕೂತಿದೀಯಲ್ಲ!"

ಬೀಗರ ಪಾನಕ

ಅಲ್ಲಿಂದ ಮುಂದೆ ಎಲ್ಲ ಮನೆಯಲ್ಲೂ ಹರಕೆಯೇ. ಡಾಕ್ಟರಿಗೆ ಬಗ್ಗದವರು ದೇವಿಗೆ ಬಗ್ಗಿದರು. ಶುಗರ್ ದಿನೇದಿನೇ ಇಳಿಯಿತು. ನನ್ನ ಹೆಂಡತಿ ಮಾತ್ರ, "ದೇವರ ಹೆಸರಲ್ಲಿ ಸುಳ್ಳು. ಎಲ್ಲಿಗೆ ಬಂದು ಮುಟ್ಟತ್ತೋ" ಅನ್ನುತ್ತಿದ್ದಳು.

ಅದು ನೆಲಮಂಗಲಕ್ಕೆ ಮುಟ್ಟಿತು. ಅಲ್ಲಿರುವವರು ನಮ್ಮ ಬೀಗರು, ಹುಡುಗನ ಅಪ್ಪ ಅಮ್ಮ. ನನಗೆ ಶುಗರ್ ಇರುವುದನ್ನು ಅವರಿಗೆ ನಾವು ಹೇಳಿರಲಿಲ್ಲ. ನಾವು ಹೆಣ್ಣಿನ ಕಡೆಯವರು, ಅವರು ಏನಂದುಕೊಳ್ಳುತ್ತಾರೋ ಎಂಬ ಭಯ. ಮಾರನೇ ದಿನ ಬೆಳಗ್ಗೆ ನನಗೆ ಕೊನೆಯ ರಕ್ತಪರೀಕ್ಷೆ. ಹಿಂದಿನ ಸಾಯಂಕಾಲ ಇಬ್ಬರೂ ನಮ್ಮ ಮನೆಗೆ ಬಂದಿಳಿದರು. ಬೀಗಿತ್ತಿಯ ಕೈಯಲ್ಲಿ ದೊಡ್ಡದೊಂದು ಹಿತ್ತಾಳೆ ಚೊಂಬು.

"ನಮ್ಮ ಹುಡುಗನ ಮದುವೆಗೆ ಇಂಥ ಹರಕೆ ಹೊತ್ತಿದೀರಂತೆ ಬೀಗ್ರೇ, ಕೇಳಿ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಸಿಹಿ ಬಿಟ್ಟೋರು ಮದುವೆಗೆ ಮುಂಚೆ ಅಮ್ಮನ ಪಾನಕ ಕುಡಿದು ಹರಕೆ ಮುಗಿಸ್ಬೇಕು. ಇಲ್ಲಾಂದ್ರೆ ಮಕ್ಕಳಿಗೆ ಒಳ್ಳೇದಲ್ಲ. ತಗೊಳ್ಳಿ, ಪೂರ್ತಿ ಕುಡೀಬೇಕು."

ಚೊಂಬಿನ ತುಂಬ ಬೆಲ್ಲದ ಪಾನಕ. ಕುಡಿದರೆ ಕಣ್ಣು ಹೋಯಿತು, ಕುಡಿಯದಿದ್ದರೆ ಸಂಬಂಧ. ನನ್ನ ಹೆಂಡತಿ ಮುಂದೆ ಬಂದು ಚೊಂಬು ಕೆಳಗಿಳಿಸಿದಳು.

"ಹರಕೆ ಗಿರಕೆ ಏನೂ ಇಲ್ಲ ಬೀಗಿತ್ತಿ. ಇವರಿಗೆ ಶುಗರ್ ಇದೆ. ನಾಳೆ ಕಡಿಮೆ ಬಂದ್ರೆ ಮಾತ್ರ ಕಣ್ಣಿನ ಆಪರೇಷನ್. ಮಗಳ ಧಾರೆ ಕಣ್ತುಂಬ ನೋಡ್ಬೇಕು ಅಂತ ಒದ್ದಾಡ್ತಾ ಅವ್ರೆ."

ಒಳಗೆ ಮಗಳು ಬಾಗಿಲ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗುತ್ತಿತ್ತು. ಆಗ ಬೀಗರು ಕುರ್ಚಿಯಿಂದೆದ್ದು ನನ್ನ ಎರಡೂ ಕೈ ಹಿಡಿದುಕೊಂಡರು.

"ನಂಗೂ ಐತೆ ಬೀಗ್ರೇ! ನೀವೇನನ್ಕೋತೀರೋ ಅಂತ ನಿಮ್ಮನೇಲಿ ಕೊಟ್ಟ ಸಕ್ಕರೆ ಕಾಫಿನೆಲ್ಲಾ ಕಣ್ಮುಚ್ಕೊಂಡು ಕುಡಿದಿದೀನಿ!"

ನಾವಿಬ್ಬರೂ ತಬ್ಬಿಕೊಂಡೆವು. ಬೀಗಿತ್ತಿ ಮಾತ್ರ ಗಂಡನನ್ನೇ ದುರುಗುಟ್ಟಿ ನೋಡುತ್ತಿದ್ದರು. "ನಿಮಗೂ ಶುಗರ್ರಾ? ಮತ್ತೆ ದಿನಾ ನುಂಗೋ ಮಾತ್ರೆ ಕೂದಲು ಉದುರದೇ ಇರೋಕೆ ಅಂದಿದ್ರಿ?"

ಬೀಗರ ತಲೆಯಲ್ಲಿ ಉದುರುವುದಕ್ಕೆ ಒಂದು ಕೂದಲೂ ಇರಲಿಲ್ಲ. ಪಾನಕವನ್ನು ಇಬ್ಬರು ಹೆಂಗಸರೂ ನಮ್ಮ ಎದುರೇ ಕೂತು ಖಾಲಿ ಮಾಡಿದರು.

ಕಣ್ಣು ಬಂದ ಮೇಲೆ

ಶುಗರ್ ಇಳಿದಿತ್ತು. ಆಪರೇಷನ್ ಆಯಿತು. ಧಾರೆಯ ದಿನ ಮಗಳ ಮುಖದ ಒಂದೊಂದು ಅರಿಶಿನದ ಗೆರೆಯೂ ನನಗೆ ಕಂಡಿತು. ಅವಳು ಅಳು ತಡೆಯಲು ತುಟಿ ಕಚ್ಚಿಕೊಂಡದ್ದೂ ಕಂಡಿತು. ಅಷ್ಟು ಮನೆಯ ಮುನಿಸು ಕಟ್ಟಿಕೊಂಡದ್ದಕ್ಕೆ ಅದೊಂದೇ ಸಾಕು ಅನ್ನಿಸಿ ನಾನೂ ಅತ್ತುಬಿಟ್ಟೆ.

ಕಣ್ಣೊರೆಸಿಕೊಂಡು ತಲೆಯೆತ್ತಿದರೆ, ಛತ್ರದ ಆ ತುದಿಯಲ್ಲಿ, ಅಡುಗೆಮನೆ ಬಾಗಿಲ ಕಂಬದ ಮರೆಯಲ್ಲಿ ರೇಷ್ಮೆ ಪಂಚೆಯ ಯಜಮಾನರೊಬ್ಬರು ಗೋಡೆ ಕಡೆ ಮುಖ ಮಾಡಿ ನಿಂತದ್ದು ಕಂಡಿತು. ಒಂದು ಕೈಯಲ್ಲಿ ಹೋಳಿಗೆ, ಇನ್ನೊಂದರಲ್ಲಿ ಬಾದಾಮಿ ಹಾಲು. ನೆಟ್ಟಗೆ ಹೋಗಿ ಹೆಗಲ ಮೇಲೆ ಕೈಯಿಟ್ಟೆ. ಬೀಗರು ಬಾಯಿ ತುಂಬ ಇದ್ದದ್ದನ್ನು ನುಂಗಿ, ಬಹಳ ನೊಂದು ಹೇಳಿದರು.

"ಅಲ್ಲಾ ಬೀಗ್ರೇ, ಆ ಆಪರೇಷನ್ನ ಮದುವೆ ಆದ್ಮೇಲೆ ಮಾಡಿಸ್ಕೊಂಡಿದ್ರೆ ಆಗ್ತಿರಲಿಲ್ವಾ?"