ಹಾಡಹಗಲೇ ಪಿಲಿ ಫ್ಲಾಶ್

ಕಳೆದ ತಿಂಗಳು ಬಲ್ಮಠದ ರಸ್ತೆ ಬದಿಯಲ್ಲಿ ಹಾಡಹಗಲೇ ಫ್ಲಾಶ್ ಹೊಡೆದ ಘಟನೆ ನಡೆದಿದೆ. ಎಪ್ಪತ್ತಾರು ವರ್ಷದ ಹಿರಿಯರೊಬ್ಬರು ಸ್ಥಳದಲ್ಲೇ ಕಣ್ಣು ಮುಚ್ಚಿದರು. ಎರಡು ಸೆಕೆಂಡಿನ ನಂತರ ತೆರೆದರು. ಹಿರಿಯರು ನನ್ನ ಮಾವ, ಅಂದರೆ ಹೆಂಡತಿಯ ತಂದೆ. ಹೊಡೆದವನು ನಾನು. ಕ್ಯಾಮರಾ ಕೊಂಡ ಮೇಲೆ ಇಂಥದ್ದು ನನ್ನ ಕೈಯಿಂದ ಆಗುತ್ತಲೇ ಇದೆ. ಪ್ರತಿ ಸಲವೂ ನಾಚಿಕೆಯಾಗುತ್ತದೆ. ಅದರಿಂದ ಫೋಟೋ ಸುಧಾರಿಸಿಲ್ಲ.

ಮಾವನ ಅಣ್ಣ ತೀರಿಕೊಂಡಾಗ ಮನೆಯಲ್ಲಿ ಅವರ ಒಂದು ಒಳ್ಳೆಯ ಫೋಟೋ ಸಿಗಲಿಲ್ಲ. ಪೇಪರಿಗೆ ಹೋದದ್ದು ರೇಷನ್ ಕಾರ್ಡಿನಿಂದ ದೊಡ್ಡದು ಮಾಡಿಸಿದ ಮುಖ. ಅದನ್ನು ನೋಡಿ ಮಾವ, "ಅಣ್ಣನನ್ನು ಪೊಲೀಸರು ಹಿಡಿದ ಹಾಗೆ ಉಂಟು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನನ್ನದೊಂದು ಈಗಲೇ ತೆಗೆದಿಡಿ. ಸ್ಟುಡಿಯೋದಲ್ಲಿ ಬೇಡ. ಹೊರಗೆ, ಬೆಳಕಿನಲ್ಲಿ, ಮನುಷ್ಯನ ಹಾಗೆ."

ನನಗೆ ಆಗ ಮೂರು ವಾರದ ಅನುಭವವಿತ್ತು. ಬಿಸಿಲು ನೆತ್ತಿಯ ಮೇಲಿದ್ದರೆ ಕಣ್ಣಿನ ಗುಳಿಯಲ್ಲಿ ನೆರಳು ಕೂರುತ್ತದೆ, ಅದನ್ನು ತುಂಬಲು ಹಗಲಲ್ಲೂ ಫ್ಲಾಶ್ ಬೇಕು, ಇದಕ್ಕೆ ಫಿಲ್ ಫ್ಲಾಶ್ ಎನ್ನುತ್ತಾರೆ ಎಂದು ಊಟದ ಹೊತ್ತಿನಲ್ಲಿ ಭಾಷಣ ಮಾಡಿದೆ. ಅತ್ತೆ ಬಡಿಸುವ ಕೈ ನಿಲ್ಲಿಸಿದರು.

"ಎಂತ ಫ್ಲಾಶ್?"

"ಫಿಲ್."

"ಪಿಲಿಯಾ?"

ಅವರ ಮನೆಮಾತು ತುಳು. ಘಟ್ಟದ ಮೇಲಿನಿಂದ ಬಂದ ಅಳಿಯನೆಂದು ನನ್ನೊಡನೆ ಮಾತ್ರ ಕನ್ನಡ. ತುಳುವಿನಲ್ಲಿ ಪಿಲಿ ಎಂದರೆ ಹುಲಿ. "ಇವರ ಫೋಟೋಕ್ಕೆ ಪಿಲಿ ಎಂತಕ್ಕೆ ಮಾರಾಯ್ರೆ?" ಎಂದು ಅತ್ತೆ ಕೇಳಿದರು. ನಾನು ಇನ್ನೊಮ್ಮೆ ವಿವರಿಸಿದೆ. ಅವರು ಇನ್ನೊಮ್ಮೆ ಸಾರು ಬಡಿಸಿದರು.

ಹೆಲ್ಮೆಟ್

ಮಾವ ಮೂವತ್ತು ವರ್ಷ ಕೆಲಸ ಮಾಡಿದ ಆಫೀಸು ಬಲ್ಮಠದಲ್ಲಿದೆ. ಅದರ ಗೇಟಿನ ಮುಂದೆ ಮೊದಲ ಪ್ರಯತ್ನ. ಸಮಯ ಮಧ್ಯಾಹ್ನ ಹನ್ನೆರಡು. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮಾವ ನಿಂತರು. ಎಳನೀರು ಮಾರುವವರು, ಇಷ್ಟು ಬಿಸಿಲಿರುವಾಗ ಇನ್ನೊಂದು ಲೈಟ್ ಯಾಕೆಂದು ವಿಚಾರಿಸಿದರು. ನೆರಳು ತುಂಬಲಿಕ್ಕೆ ಎಂದೆ. ಅವರು ನನ್ನನ್ನು ನೋಡಿ, ಹತ್ತಿರದ ಮರವನ್ನೂ ನೋಡಿ, ಎಳನೀರು ಕೆತ್ತಲು ಹೋದರು.

ಮೊದಲ ಫ್ಲಾಶ್ ಹೊಡೆದ ತಕ್ಷಣ ಮಾವನ ಹಿಂದೆ ಹೋಗುತ್ತಿದ್ದ ಸ್ಕೂಟರೊಂದು ಬ್ರೇಕ್ ಹಾಕಿತು. ಸವಾರ ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ ತೆಗೆದು ತಲೆಗೆ ಹಾಕಿಕೊಂಡ. ಪಟ್ಟಿ ಬಿಗಿದ. ಆಮೇಲೆ ನನ್ನ ಬಳಿ ಬಂದು ತಗ್ಗಿದ ಸ್ವರದಲ್ಲಿ, "ಸರ್, ಮೊದಲಿನದ್ದು ಡಿಲೀಟ್ ಮಾಡಿ. ಈಗ ಒಂದು ತೆಗೆಯಿರಿ" ಎಂದ. ನಾನು ಪೊಲೀಸ್ ಅಲ್ಲ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. ತೆಗೆದೆ.

ಆ ದಿನ ಒಟ್ಟು ಹನ್ನೊಂದು ಫೋಟೋ. ಮಾವನ ಹತ್ತರಲ್ಲೂ ಕಣ್ಣು ಮುಚ್ಚಿತ್ತು. ಕಣ್ಣು ತೆರೆದದ್ದು ಹೆಲ್ಮೆಟಿನವನದ್ದು ಮಾತ್ರ.

"ನೀವು ಕಣ್ಣು ಮುಚ್ತೀರಿ ಮಾವ" ಎಂದು ನಾನು ಹೇಳಿದೆ. ಮಾವ ತಪ್ಪು ಮಾಡಿದವರಂತೆ ತಲೆಯಾಡಿಸಿದರು. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಾನು ಮರೆಯಲು ಪ್ರಯತ್ನಿಸುತ್ತಿದ್ದೇನೆ.

ಜಾಕೆಟ್

ಎರಡನೆಯ ಸಲ ಮಾವನಿಗೆ ಫೋಟೋದಲ್ಲಿ ತನ್ನ ಹಿಂದೆ ನೀರು ಬೇಕೆನಿಸಿತು. ನದಿಯಾಚೆಯ ಬೆಂಗ್ರೆಗೆ ಹೋಗುವ ದೋಣಿ ಹತ್ತಿದೆವು. ಹತ್ತುವಾಗಲೇ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ನದಿಯ ನಡುವೆ ಬೆಳಕು ಚೆನ್ನಾಗಿತ್ತು. ಜಾಕೆಟಿನ ಎದೆಯ ಮೇಲೆ ಎರಡು ಬೆಳ್ಳಿ ಪಟ್ಟಿಗಳಿದ್ದದ್ದು ನನ್ನ ಲಕ್ಷ್ಯಕ್ಕೆ ಬರಲಿಲ್ಲ. ಫ್ಲಾಶಿನ ಲಕ್ಷ್ಯಕ್ಕೆ ಬಂತು. ಬೆಳಕೆಲ್ಲ ಆ ಪಟ್ಟಿಗಳಿಂದಲೇ ವಾಪಸು ಬಂತು. ಫೋಟೋದಲ್ಲಿ ಎರಡು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಅವುಗಳ ಮೇಲೆ ಕಪ್ಪಗೆ ಏನೋ ಒಂದು ಇತ್ತು.

"ಇದು ನಾನಾ?" ಎಂದರು ಮಾವ.

ಹೌದೆಂದೆ. ಪಕ್ಕದಲ್ಲಿ ಬಲೆಯ ಗಂಟು ಇಟ್ಟುಕೊಂಡು ಕೂತಿದ್ದ ಬೆಂಗ್ರೆಯ ಹೆಂಗಸು ಬಗ್ಗಿ ನೋಡಿ, ಫೋಟೋ ಯಾವುದಕ್ಕೆಂದು ಕೇಳಿದರು. ಮಾವ ಮುಚ್ಚುಮರೆಯಿಲ್ಲದೆ, ತಾನು ಸತ್ತ ಮೇಲೆ ಪೇಪರಿಗೆ ಹಾಕಲಿಕ್ಕೆ ಎಂದರು. ಆಕೆ ಇನ್ನೊಮ್ಮೆ ನೋಡಿದರು.

"ಬೇಡ ಮಾರಾಯ್ರೆ. ಓದಿದವರು ಹೇಳ್ತಾರೆ, ಜಾಕೆಟ್ ಹಾಕಿಯೂ ಉಳಿಯಲಿಲ್ಲ ಅಂತ."

ಟಾರ್ಚ್

ಬೆಂಗ್ರೆಯಿಂದ ಬಂದವನು ಮೊದಲ ಬಾರಿಗೆ ಫ್ಲಾಶಿನ ಜೊತೆ ಬಂದ ಪುಸ್ತಕ ಓದಿದೆ. ಹನ್ನೆರಡನೆಯ ಪುಟದಲ್ಲಿ ವಿಷಯವಿತ್ತು. ದೊಡ್ಡ ಬೆಳಕಿಗಿಂತ ಮೊದಲು, ಅಳತೆ ನೋಡಲು, ಫ್ಲಾಶ್ ಒಂದು ಸಣ್ಣ ಬೆಳಕು ಹೊಡೆಯುತ್ತದೆ. ಕೆಲವರು ಅದಕ್ಕೇ ಕಣ್ಣು ಮುಚ್ಚುತ್ತಾರೆ. ದೊಡ್ಡ ಬೆಳಕು ಬರುವಷ್ಟರಲ್ಲಿ ರೆಪ್ಪೆ ಕೆಳಗಿರುತ್ತದೆ. ಒಂದು ಬಟನ್ ತಿರುಗಿಸಿದರೆ ಆ ಸಣ್ಣ ಬೆಳಕು ನಿಲ್ಲುತ್ತದೆ. ಅಂದರೆ ತಪ್ಪು ಮಾವನ ಕಣ್ಣಿನದ್ದಲ್ಲ, ನನ್ನ ಬೆರಳಿನದ್ದು.

ಫೋನ್ ಮಾಡಿ ಹೇಳಬೇಕೆಂದು ಹೊರಟಿದ್ದೆ. ಅಷ್ಟರಲ್ಲಿ ಹೆಂಡತಿಯೇ ತವರಿನ ಸುದ್ದಿ ತಂದಳು. ಮಾವ ದಿನಾ ಬೆಳಿಗ್ಗೆ ಚಾ ಕುಡಿದ ಮೇಲೆ ಕಿಟಕಿ ಮುಚ್ಚಿ ಕುರ್ಚಿಯಲ್ಲಿ ಕೂರುತ್ತಾರಂತೆ. ಅತ್ತೆ ಟಾರ್ಚ್ ಹಿಡಿದು ಮುಖಕ್ಕೆ ಬೆಳಕು ಬಿಡುತ್ತಾರಂತೆ. ಕಣ್ಣು ಮುಚ್ಚದಿರುವ ಅಭ್ಯಾಸವಂತೆ. ಮುಚ್ಚಿದರೆ ಅತ್ತೆ ಬೈಯುತ್ತಾರಂತೆ, ಅಳಿಯ ಅಷ್ಟು ದೂರದಿಂದ ಬರ್ತಾರೆ, ನಿಮಗೆ ಒಂದು ಕಣ್ಣು ಬಿಟ್ಟು ನಿಲ್ಲಲಿಕ್ಕೆ ಆಗುದಿಲ್ಲವಾ ಎಂದು.

"ಅಷ್ಟೆಲ್ಲ ಬೇಕಾ?" ಎಂದು ಹೆಂಡತಿ ಕೇಳಿದಳು.

ಪುಸ್ತಕ ನನ್ನ ಕೈಯಲ್ಲೇ ಇತ್ತು. ಅಭ್ಯಾಸ ಒಳ್ಳೆಯದು ಎಂದೆ.

ಪಿಲಿ

ಮೂರನೆಯ ಪ್ರಯತ್ನ ವಾಮಂಜೂರಿನಲ್ಲಿ, ಮಾವನ ಮನೆಯ ಪಕ್ಕದ ಗದ್ದೆಯ ಬದುವಿನಲ್ಲಿ. ಸುತ್ತ ಮನೆಗಳೆದ್ದು ಅಲ್ಲಿ ಈಗ ಉಳಿದಿರುವುದು ಅದೊಂದೇ ಗದ್ದೆ. ಈ ಸಲ ಎಲ್ಲವೂ ಪುಸ್ತಕದಂತೆ. ನಾಲ್ಕು ಗಂಟೆಯ ಸೂರ್ಯ ಮಾವನ ಬೆನ್ನಿಗೆ, ಫ್ಲಾಶ್ ಕಾಲು ಭಾಗಕ್ಕೆ ಇಳಿಸಿದ್ದು, ಬಟನ್ ತಿರುಗಿಸಿದ್ದು. ತಿರುಗಿಸುವಾಗ ಯಾರೂ ನೋಡದಂತೆ ಬೆನ್ನು ಹಾಕಿದ್ದೆ. ಅತ್ತೆ ಬದುವಿನ ತುದಿಯಲ್ಲಿ ನಿಂತು ನಿರ್ದೇಶನ ಕೊಡುತ್ತಿದ್ದರು.

"ಬಿಡಿ, ಬಿಡಿ, ಕಣ್ಣು ಬಿಡಿ. ಪಿಲಿ ಬಂತು."

ಹೊಡೆದೆ. ಮೂವರೂ ಕ್ಯಾಮರಾದ ಪರದೆಯ ಮೇಲೆ ಬಗ್ಗಿದೆವು. ಬೆಳಕು ಸರಿಯಾಗಿತ್ತು. ನರೆಗೂದಲಿನ ಸುತ್ತ ಬಿಸಿಲಿನ ಅಂಚು, ಮುಖದಲ್ಲಿ ಒಂದು ಚೂರೂ ನೆರಳಿಲ್ಲ. ಕಣ್ಣೆರಡೂ ತೆರೆದಿದ್ದವು. ಹದಿನೈದು ದಿನದ ಅಭ್ಯಾಸವೆಲ್ಲ ಅಲ್ಲಿತ್ತು. ರೆಪ್ಪೆ ಹುಬ್ಬಿಗೆ ತಾಗಿತ್ತು. ಬಾಯಿ ಬಿಗಿದಿತ್ತು. ಭುಜ ಕಿವಿಯವರೆಗೆ ಏರಿತ್ತು.

ಅತ್ತೆ ಪರದೆಗೆ ಇನ್ನೂ ಹತ್ತಿರ ಬಗ್ಗಿದರು.

"ಈಗ ಗೊತ್ತಾಯಿತು," ಎಂದರು ಅತ್ತೆ, "ಇದಕ್ಕೆ ಪಿಲಿ ಫ್ಲಾಶ್ ಅಂತ ಯಾಕೆ ಹೇಳುದು ಅಂತ."

ಮಾವ ಪರದೆಯಿಂದ ಕಣ್ಣು ತೆಗೆಯದೆ, ಇನ್ನೂ ಹದಿನೈದು ದಿನ ಅಭ್ಯಾಸ ಮಾಡ್ತೇನೆ ಎಂದರು. ಅದನ್ನು ಕೇಳಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಹನ್ನೆರಡನೆಯ ಪುಟ, ಸಣ್ಣ ಬೆಳಕು, ಬಟನ್, ಎಲ್ಲವನ್ನೂ ಹೇಳಿದೆ. ಗೊತ್ತಾಗಿ ಹತ್ತು ದಿನವಾಯಿತೆಂಬುದನ್ನೂ ಹೇಳಿದೆ.

"ಹಾಗಾದರೆ ನನ್ನ ಕಣ್ಣಿನದ್ದು ತಪ್ಪಿಲ್ಲ?" ಎಂದರು ಮಾವ.

"ಇಲ್ಲ."

ಮಾವ ಅತ್ತೆಯ ಕಡೆ ತಿರುಗಿದರು. "ಕೇಳಿತಾ?"

ಅತ್ತೆಗೆ ಕೇಳಿತ್ತು. ಅವರು ಒಳಗೆ ಹೋಗಿ ಕುರ್ಚಿ ತಂದು ಅಂಗಳದಲ್ಲಿಟ್ಟರು. ಇನ್ನೊಮ್ಮೆ ಹೋಗಿ ಟಾರ್ಚ್ ತಂದರು. ಮಾವ ನನ್ನ ಕೈಯಿಂದ ಕ್ಯಾಮರಾ ತೆಗೆದುಕೊಂಡು, ಆ ಸಣ್ಣ ಬೆಳಕಿನ ಬಟನ್ ಎಲ್ಲಿದೆ ಎಂದು ವಿಚಾರಿಸಿ, ಅದನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿದರು.

"ಕೂತುಕೊಳ್ಳಿ" ಎಂದರು ಅತ್ತೆ, ನನಗೆ.

ಪಿಲಿ ಫೋಟೋ ಮಾವನಿಗೇ ಇಷ್ಟವಾಯಿತು. ಚೌಕಟ್ಟು ಹಾಕಿಸಿ ಕಪಾಟಿನಲ್ಲಿ ಇಟ್ಟಿದ್ದಾರೆ. ಮಾವ ಆರೋಗ್ಯವಾಗಿದ್ದಾರೆ. ಆ ದಿನ ಸಂಜೆ ನಾಲ್ಕೂವರೆಗೆ, ವಾಮಂಜೂರಿನ ಅವರ ಅಂಗಳದಲ್ಲಿ, ನಾನು ಕಣ್ಣು ಮುಚ್ಚಿದೆ.