ಊಟದ ಮೇಜಿನಡಿಯ ದೀಪಾವಳಿ

"ಈ ದೀಪಾವಳಿಗೆ ಕೋಸಂಬರಿಯ ಬಾಲದ ಒಂದೇ ಒಂದು ಕೂದಲೂ ನಡುಗಬಾರದು! ಇದು ಅಮರೇಶ್ವರನ ಪ್ರತಿಜ್ಞೆ!"

ಅಡುಗೆಮನೆಯ ನಟ್ಟನಡುವೆ ನಿಂತು, ಬಲಗೈ ಮೇಲೆತ್ತಿ ನಾನು ಹೀಗೆ ಘೋಷಿಸಿದಾಗ ಆ ಕೈಯಲ್ಲಿ ಮೊಸರಿನ ಸೌಟಿತ್ತು. ಮೊಸರು ತೊಟ್ಟಿಕ್ಕುತ್ತಿದ್ದುದನ್ನು ನಾನು ಗಮನಿಸಲಿಲ್ಲ. ಕೋಸಂಬರಿ ಗಮನಿಸಿತು. ನೆಲವನ್ನು ಕನ್ನಡಿಯಂತೆ ನೆಕ್ಕಿ, ಇನ್ನೊಂದು ಪ್ರತಿಜ್ಞೆ ಬರಬಹುದೇ ಎಂದು ನನ್ನ ಮುಖ ನೋಡಿತು.

"ಪ್ರತಿಜ್ಞೆ ಆಮೇಲೆ ಮಾಡಿ. ಮೊದ್ಲು ಸೌಟು ಕೊಡಿ ಇಲ್ಲಿ" ಎಂದಳು ನನ್ನ ಹೆಂಡತಿ ರಾಜಿ.

ಕೋಸಂಬರಿ ನಮ್ಮ ನಾಯಿ. ಕಳೆದ ವಸಂತದಲ್ಲಿ ನಮ್ಮ ಮಗಳು ಅವನಿ ಅದನ್ನು ಅನಾಥ ನಾಯಿಗಳ ಆಶ್ರಯದಿಂದ ತಂದಳು. ಒಂದು ತಳಿಯ ಕಿವಿ, ಇನ್ನೊಂದರ ಕಾಲು, ಯಾವುದೋ ನರಿಯಿಂದ ಎರವಲು ಪಡೆದಂಥ ಬಾಲ, ಮೈಮೇಲೆ ಬಿಳಿ, ಕಂದು, ಹಳದಿ ಎಲ್ಲವನ್ನೂ ಹೆಚ್ಚಿ ಕಲಸಿದ ಬಣ್ಣ. "ಲೆಟ್ಸ್ ಕಾಲ್ ಹರ್ ಸ್ಯಾಲಡ್" ಎಂದಳು ಅವನಿ. "ನಮ್ಮನೇಲಿ ಅದಕ್ಕೊಂದು ಹೆಸರಿದೆ" ಎಂದು ರಾಜಿ ಕೂಡಲೇ ಕನ್ನಡೀಕರಿಸಿದಳು.

ಕೋಸಂಬರಿಗೆ ಯಾರನ್ನು ಕಂಡರೂ ಪ್ರೀತಿ. ಅಂಚೆಯವನು, ಅಳಿಲು, ಕಸದ ಡಬ್ಬಿ, ಎಲ್ಲರೂ ಬಂಧುಗಳೇ. ಹೆದರಿಕೆ ಒಂದಕ್ಕೇ: ಪಟಾಕಿ. ಇಲ್ಲಿಯ ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕರ ಸಂಜೆ ಮೊದಲ ಸದ್ದಿಗೇ ಅದು ಬಟ್ಟೆ ಒಣಗಿಸುವ ಡ್ರೈಯರಿನ ಹಿಂದೆ ನುಗ್ಗಿತು. ರಕ್ಷಣಾ ಕಾರ್ಯಾಚರಣೆಗೆ ಧುಮುಕಿದ ನಾನು ಡ್ರೈಯರನ್ನು ಎಳೆದೆ. ಹಿಂದಿನ ಕೊಳವೆ ಕಿತ್ತು ಬಂತು. ಅದರೊಳಗೆ ಸೇರಿಕೊಂಡಿದ್ದ ಬಟ್ಟೆಯ ಜುಂಗೆಲ್ಲ ನನ್ನ ತಲೆಮೇಲೆ ಸುರಿಯಿತು. ಬೂದು ಬಣ್ಣದ ಕರಡಿಯಂತೆ ನಿಂತ ನನ್ನನ್ನು ಕಂಡು ಕೋಸಂಬರಿ ಇನ್ನೂ ಒಳಕ್ಕೆ ಸರಿಯಿತು! ಪಟಾಕಿ ನಿಂತ ಮೇಲೆ ತಾನಾಗಿಯೇ ಹೊರಬಂದು ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಅದರ ನಡುಕ ಕಾಲುಚೀಲದ ಮೂಲಕ ನನ್ನ ಮೊಣಕಾಲಿನವರೆಗೂ ಹತ್ತಿ ಬಂತು. ಆದ್ದರಿಂದ ಈ ಪ್ರತಿಜ್ಞೆ.

ನಮ್ಮೂರು ಕೆಂಡಲ್ ಪಾರ್ಕಿನಲ್ಲಿ ಪಂಚಾಂಗದ ಪ್ರಕಾರ ದೀಪಾವಳಿ ಯಾವ ವಾರವಾದರೂ ಇರಲಿ, ನೆರೆಹೊರೆಯವರ ಅನುಕೂಲಕ್ಕಾಗಿ ಅದು ಶನಿವಾರವೇ ಬರುತ್ತದೆ. ಮನೆಯ ಹಿಂದಿನ ಮೈದಾನದಲ್ಲಿ ಕತ್ತಲಾಗುತ್ತಲೇ ಬಾಣಬಿರುಸು ಹಾರಿಸುವ ಏರ್ಪಾಡಾಗಿತ್ತು. ನಾನು ಹಿಂದಿನ ದಿನವೇ ರೂಟ್ ಒನ್ ಹೆದ್ದಾರಿಯ ಪಕ್ಕದ ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ನಾಯಿಯ ಮನಸ್ಸನ್ನು ಶಾಂತಗೊಳಿಸುವ ಮೆತ್ತನೆಯ ತಿಂಡಿ ಸಿಗುತ್ತದೆಂದು ಓದಿದ್ದೆ. ಒಂದು ನೇರಳೆ ಬಣ್ಣದ ಚೀಲದ ಮೇಲೆ ನಾಯಿಯೊಂದು ಕಣ್ಣು ಮುಚ್ಚಿ, ಬುದ್ಧನಂತೆ ಮುಗುಳ್ನಗುತ್ತಿತ್ತು. ಇದಕ್ಕಿಂತ ಶಾಂತಿ ಬೇಕೇ? ಕೊಂಡು ತಂದೆ. ಕೋಸಂಬರಿ ಎಂಥ ಚೀಲವನ್ನಾದರೂ ಬಿಚ್ಚಬಲ್ಲದಾದ್ದರಿಂದ, ತಿಂಡಿಯನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಸುರಿದು ಮೇಲಿನ ಶೆಲ್ಫಿನಲ್ಲಿಟ್ಟೆ. ಖಾಲಿ ಚೀಲ ಕಸಕ್ಕೆ ಹೋಯಿತು. ಅದನ್ನು ನೋಡಿದ ಅವನಿ "ಅಪ್ಪಾ, ದಿಸ್ ಈಸ್..." ಎಂದು ಏನೋ ಶುರು ಮಾಡಿದಳು. ನಾನು ಲ್ಯಾಪ್‌ಟಾಪಿನ ಮುಂದೆ ಆಫೀಸಿನ ಮೀಟಿಂಗಿನಲ್ಲಿದ್ದೆ. "ಆಮೇಲೆ, ಆಮೇಲೆ" ಎಂದು ಕೈಸನ್ನೆ ಮಾಡಿದೆ.

ಶನಿವಾರ ಸಂಜೆ ಮಂಜೇಶ್ ಮತ್ತು ಸುಧಾಮಣಿ ದಂಪತಿ ಬಂದರು. ಮಂಜೇಶರ ಮಾತಿಗೆ ಪೂರ್ಣವಿರಾಮವಿರಲಿ, ಅಲ್ಪವಿರಾಮವೂ ಇಲ್ಲ. ಸುಧಾಮಣಿಯವರು ಯಾರ ಮನೆಗೆ ಹೋದರೂ ಕಿಟಕಿಯ ಅಂಚಿನ ಮೇಲೆ ಬೆರಳೆಳೆದು ಧೂಳು ನೋಡುವವರು. ಬಾಗಿಲಲ್ಲೇ ಕೇಳಿದರು:

"ನಾಯಿ ಒಳಗಿದ್ಯಾ, ಹೊರಗಿದ್ಯಾ? ನಂಗೆ ಆಗಲ್ಲಪ್ಪ ನಾಯಿ."

"ಮೇಲಿನ ರೂಮಲ್ಲಿದೆ. ಬನ್ನಿ ಬನ್ನಿ" ಎಂದಳು ರಾಜಿ. ಹೊಸಿಲ ಬಳಿ ಹಣತೆ ಹಚ್ಚುತ್ತಲೇ ನನಗೆ ಆಜ್ಞೆಯಾಯಿತು: "ರೀ, ಮೇಲಿನ ಶೆಲ್ಫಲ್ಲಿ ಸ್ಟೀಲ್ ಡಬ್ಬಿ ಇದೆ. ಖರ್ಜೂರದ ಬರ್ಫಿ, ತಟ್ಟೆಗೆ ಹಾಕಿ."

ಶ್ವಾನಮನಸ್ಸಿನ ಆಳಗಲದ ಬಗ್ಗೆ ಮಂಜೇಶರಿಗೆ ಉಪನ್ಯಾಸ ಕೊಡುತ್ತಲೇ ಡಬ್ಬಿ ಇಳಿಸಿ, ತಟ್ಟೆಗೆ ಸುರಿದು, ಕರ್ಜಿಕಾಯಿ, ಕೋಡುಬಳೆಗಳ ಪಕ್ಕದಲ್ಲಿ ಇಟ್ಟೆ. ಮೊದಲು ನಾನೇ ಒಂದು ಬಾಯಿಗೆ ಹಾಕಿಕೊಂಡೆ. ಯಾಕೋ ಹಲ್ಲಿಗೆ ಅಂಟಿತು.

"ಬರ್ಫಿಗೆ ಪುದೀನ ಹಾಕಿದೀರಾ? ಏನ್ ಐಡಿಯಾ ರೀ!" ಎಂದರು ಮಂಜೇಶ್, ಒಂದಾದ ಮೇಲೊಂದು ಒಳಗಿಳಿಸುತ್ತಾ. ಸುಧಾಮಣಿಯವರೂ ತಿಂದರು. "ಸಕ್ಕರೆ ಕಮ್ಮಿ ಹಾಕಿದ್ದು ಒಳ್ಳೇದಾಯ್ತು" ಎಂದು ಪ್ರಮಾಣಪತ್ರವನ್ನೂ ಕೊಟ್ಟರು. ಪುದೀನವೇ ಹಾಕದ ರಾಜಿ ಹುಬ್ಬು ಗಂಟಿಕ್ಕಿ ತಾನೂ ಒಂದು ತಿಂದು ನೋಡಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಓಡಿದಳು.

ಹೊರಗೆ ಕತ್ತಲಿಳಿಯತೊಡಗಿತು. ಕೋಸಂಬರಿಗೆ ತಿಂಡಿ ಕೊಡುವ ಹೊತ್ತಾಯಿತೆಂದು ನಾನು ಶೆಲ್ಫಿನಲ್ಲಿ ಉಳಿದಿದ್ದ ಸ್ಟೀಲ್ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿದರೆ, ತುಪ್ಪದ ಘಮಲು! ಗೋಡಂಬಿಯ ಚೂರು! ಅಚ್ಚುಕಟ್ಟಾಗಿ ಕತ್ತರಿಸಿದ ಖರ್ಜೂರದ ಬರ್ಫಿ!

ಹಾಗಾದರೆ ತಟ್ಟೆಯಲ್ಲಿದ್ದುದು?

ಇಣುಕಿದೆ. ತಟ್ಟೆ ಖಾಲಿ. ನನ್ನ ಎದೆ ಧಸಕ್ಕೆಂದಿತು. ಮರುಕ್ಷಣವೇ ಆಕಳಿಕೆ ಬಂತು. ರೆಪ್ಪೆ ಭಾರವಾಯಿತು. ಅಯ್ಯೋ, ಔಷಧ ಕೆಲಸ ಶುರು ಮಾಡಿದೆ!

ಅಡುಗೆ ಸಾಮಾನಿಡುವ ಪ್ಯಾಂಟ್ರಿಯ ಬಾಗಿಲು ಹಾಕಿಕೊಂಡು ಸಾಕುಪ್ರಾಣಿಗಳ ಸಹಾಯವಾಣಿಯೊಂದಕ್ಕೆ ಫೋನಾಯಿಸಿದೆ. ನಿಧಾನದ, ಮಧುರ ಕಂಠದ ಮಹಿಳೆಯೊಬ್ಬಳು ಎತ್ತಿಕೊಂಡಳು. ಮನುಷ್ಯರು ತಿಂದರು ಎನ್ನಲು ನಾಚಿಕೆ. "ನಮ್ಮ ಮನೆಯಲ್ಲಿ ಒಬ್ಬರು ಶಾಂತಗೊಳಿಸುವ ತಿಂಡಿಯನ್ನು ಸ್ವಲ್ಪ ಹೆಚ್ಚಾಗಿಯೇ ತಿಂದಿದ್ದಾರೆ" ಎಂದೆ.

"ತೂಕ ಎಷ್ಟು?"

ಮಂಜೇಶರ ಹೊಟ್ಟೆಯನ್ನು ಮನಸ್ಸಿನಲ್ಲೇ ತೂಗಿ, "ಇನ್ನೂರು ಪೌಂಡಿನ ಹತ್ತಿರ" ಎಂದೆ.

"ಓ ಮೈ! ಬಿಗ್ ಬಾಯ್! ಎಲ್ಲಿಯ ತಳಿ?"

"ಹಾಸನ."

"ಹಾಸನ್... ಕೇಳಿಲ್ಲ. ಬೇಟೆಯ ಜಾತಿಯೇ?"

"ಇಲ್ಲ, ಸಾಫ್ಟ್‌ವೇರ್ ಆರ್ಕಿಟೆಕ್ಟ್."

"ಸಾಫ್ಟ್‌ವೇರ್?" ಎಂದಳು. ನಾನು ನಿಜ ಒಪ್ಪಿಕೊಂಡೆ. ಚೀಲದ ಮೇಲೆ ಏನೇನು ಬರೆದಿದೆ ಎಂದು ಕೇಳಿದಳು. ಕಸದ ಗಾಡಿ ಬೆಳಗ್ಗೆಯೇ ಅದನ್ನು ಹೊತ್ತೊಯ್ದಿತ್ತು. ನಗು ತಡೆದುಕೊಳ್ಳುತ್ತಿದ್ದಾಳೆಂದು ಸ್ಪಷ್ಟವಾಗಿ ಗೊತ್ತಾಗುವ ದನಿಯಲ್ಲಿ ಹೇಳಿದಳು: "ಅಂಥ ತಿಂಡಿಯಿಂದ ಮನುಷ್ಯರಿಗೆ ಬಹುಶಃ ಏನೂ ಆಗುವುದಿಲ್ಲ. ಆದರೂ ಗಾಡಿ ಓಡಿಸಬೇಡಿ. ಎಲ್ಲರಿಗೂ ವಿಷಯ ತಿಳಿಸಿ. ದೀಪ ಕಡಿಮೆ ಮಾಡಿ, ನೀರು ಕೊಡಿ, ಮಲಗಬೇಕೆನಿಸಿದರೆ ಮಲಗಲಿ. ತೊಂದರೆ ಕಂಡರೆ ಮನುಷ್ಯರ ಡಾಕ್ಟರಿಗೆ ಫೋನ್ ಮಾಡಿ."

ನನ್ನ ಕಿವಿಗೆ ಬಿದ್ದದ್ದು ಆ 'ಬಹುಶಃ' ಒಂದೇ. ಹಾಲಿನ ದೀಪಗಳನ್ನೆಲ್ಲ ಆರಿಸಿದೆ. ಹಣತೆಗಳು ಮಾತ್ರ ಉಳಿದವು. ಚೊಂಬು, ಲೋಟ, ಪಾತ್ರೆ, ಕೈಗೆ ಸಿಕ್ಕಿದ್ದರಲ್ಲೆಲ್ಲ ನೀರು ತಂದಿಟ್ಟೆ. ಮಂಜೇಶ್ ಇಳಿದುಹೋಗುತ್ತಿರುವ ಮನೆ ಬೆಲೆಗಳ ಬಗ್ಗೆ ಮಾತಾಡುತ್ತಿದ್ದರು. ಗಂಟಲು ಸರಿಮಾಡಿಕೊಂಡು ಸತ್ಯವನ್ನು ನುಡಿದೆ:

"ಮಂಜೇಶ್ ಅವ್ರೇ, ನೀವು ತಿಂದಿದ್ದು ಬರ್ಫಿ ಅಲ್ಲ. ನಾಯಿಗೆ ಮಂಪರು ಬರ್ಸೋ ತಿಂಡಿ. ಕಣ್ಣೆಳೆದ್ರೆ ಮಲಗ್ಬೇಕಂತೆ."

ಬೈಗುಳದ ಮಳೆಗೆ ತಲೆ ಬಗ್ಗಿಸಿದೆ. ಮಳೆ ಬರಲಿಲ್ಲ. ಮಂಜೇಶರ ಮಾತು ಅರ್ಧ ವಾಕ್ಯದಲ್ಲಿ ನಿಂತಿತು. ನಾವು ಪರಿಚಯವಾದಂದಿನಿಂದ ಇದೇ ಮೊದಲು!

"ಅದಕ್ಕೇ... ನಾಲಿಗೆ ಒಂಥರಾ ಭಾರ ಆಗಿದೆ" ಎಂದರು ಮೆಲ್ಲಗೆ.

"ನಂಗೂ ಕಣ್ಣು ಎಳೀತಿದೆ" ಎಂದು ಸುಧಾಮಣಿಯವರು ಸೋಫಾದ ಮೇಲೆ ವಾಲಿಕೊಂಡರು. ಧೂಳು ಹುಡುಕುವ ಆ ಬೆರಳುಗಳು ಸಡಿಲವಾಗಿ ಮಡಿಲಲ್ಲಿ ಮಲಗಿದವು.

ರಾಜಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು. "ನಾನೂ ಒಂದು ತಿಂದೆನಲ್ರೀ! ಅದಕ್ಕೇನಾ ನಿಮ್ಮ ಮೇಲೆ ಸಿಟ್ಟೇ ಬರ್ತಿಲ್ಲ?"

ಆಗ ಹಿಂದಿನ ಮೈದಾನದಿಂದ ಢಂ ಎಂದಿತು.

ಮೇಲಿನ ಕೋಣೆಯ ಬಾಗಿಲು ಪಟಾರೆಂದು ತೆರೆದುಕೊಂಡಿತು. ಮೆಟ್ಟಿಲ ಮೇಲೆ ಉಗುರುಗಳ ಟಕಟಕ. ಕೋಸಂಬರಿ ಹಾರಿ, ಜಾರಿ, ಉರುಳಿ ಬಂದು ಊಟದ ಮೇಜಿನ ಕೆಳಗೆ ಸೇರಿಕೊಂಡಿತು. ಶಾಂತವಾಗಿರಬೇಕಾದ ಒಂದೇ ಒಂದು ಜೀವ ನಡುಗುತ್ತಿತ್ತು. ಅದರ ಪಾಲಿನ ಶಾಂತಿಯನ್ನೆಲ್ಲ ನಾವು ತಿಂದು ಮುಗಿಸಿದ್ದೆವು!

ನನಗೆ ಬೇರೇನೂ ತೋಚಲಿಲ್ಲ. ನೆಲಕ್ಕೆ ಮಂಡಿಯೂರಿ, ತೆವಳಿ, ಅದರ ಪಕ್ಕದಲ್ಲಿ ಮಲಗಿದೆ. ಅದರ ಎದೆಯ ಮೇಲೆ ಕೈಯಿಟ್ಟೆ. ಅಂಗೈಯೊಳಗೆ ಒಂದು ಪುಟ್ಟ ಡೋಲು ಓಡುತ್ತಿತ್ತು. "ಏನಿಲ್ಲ ಪುಟ್ಟಾ, ಏನಿಲ್ಲ" ಎಂದೆ. ರಾಜಿ ಬಂದು ಆ ಬದಿಗೆ ಒರಗಿದಳು. ಬಳಿಕ ಮಂಜೇಶ್ ಉಸ್ಸೆಂದು ನೆಲಕ್ಕಿಳಿದರು. "ಹೇಗೂ ಮಲ್ಗಬೇಕಂತಲ್ಲ, ಇಲ್ಲೇ ಮಲ್ಗಣ" ಎಂದು ಕಾಲು ಚಾಚಿದರು.

ಮೇಜಿನ ಅಡಿ ಅಷ್ಟು ಚೆಂದದ ಜಾಗವೆಂದು ನನಗೆ ತಿಳಿದಿರಲಿಲ್ಲ. ಕುರ್ಚಿಯ ಕಾಲುಗಳು ಎಳೆಯ ಮರಗಳ ತೋಪಿನಂತೆ ಸುತ್ತ ನಿಂತಿದ್ದವು. ಗಾಜಿನ ಬಾಗಿಲಾಚೆ ಬಾಣವೊಂದು ಅರಳಿದಾಗಲೆಲ್ಲ ಹಿತ್ತಿಲ ಮೇಪಲ್ ಮರದ ಕೊನೆಯ ಎಲೆಗಳು ಒಮ್ಮೆ ಹಸಿರಾಗಿ, ಒಮ್ಮೆ ನೇರಳೆಯಾಗಿ ಮತ್ತೆ ಕತ್ತಲಾಗುತ್ತಿದ್ದವು. ಆ ಬಣ್ಣ ಜಾರಿ ಬಂದು ನೆಲದ ಮೇಲೆ, ಕೋಸಂಬರಿಯ ಮೈಮೇಲೆ, ಮಂಜೇಶರ ಬೋಳು ನೆತ್ತಿಯ ಮೇಲೆ ಹರಿದು ಹೋಗುತ್ತಿತ್ತು. ಸದ್ದು ದೂರದಲ್ಲೆಲ್ಲೋ ಯಾರೋ ಹಾಸಿಗೆ ಕೊಡವಿದ ಹಾಗೆ ಕೇಳತೊಡಗಿತು. ಮಂಜೇಶ್ ಯಾವುದೋ ಜೋಗುಳದ ಧಾಟಿಯನ್ನು ಪದಗಳಿಲ್ಲದೆ ಗುನುಗುತ್ತಿದ್ದರು. ಅಷ್ಟು ಮಾತಿನ ಕೆಳಗೆ ಇಂಥ ಮೆತ್ತನೆಯ ದನಿಯೊಂದು ಇತ್ತೇ!

ಸ್ವಲ್ಪ ಹೊತ್ತಿಗೆ ರೇಷ್ಮೆ ಸೀರೆಯ ಸರಬರ. ಸುಧಾಮಣಿಯವರು ಸೆರಗು ಸಿಕ್ಕಿಸಿಕೊಂಡು ಬಗ್ಗಿ ಒಳಗೆ ಬಂದು ಕೂತರು. ಕೋಸಂಬರಿ ಅವರನ್ನು ನೋಡಿತು. ಅವರು ಕೈ ಚಾಚಲಿಲ್ಲ, ಹಿಂದಕ್ಕೆಳೆದುಕೊಳ್ಳಲೂ ಇಲ್ಲ. ಅದೇ ಮುಂದೆ ಸರಿದು ಅವರ ಅಂಗೈಯೊಳಗೆ ಗದ್ದವಿಟ್ಟಿತು.

"ನಮ್ಮಪ್ಪ ಸ್ಟೇಷನ್ ಮಾಸ್ಟರ್" ಎಂದರು ಅವರು, ಯಾರಿಗೆಂದಿಲ್ಲದೆ. "ಅರಸೀಕೆರೆ ಕ್ವಾರ್ಟರ್ಸಲ್ಲಿ ಒಂದು ನಾಯಿ ಇತ್ತು. ಇಂಜಿನ್ ಕೂಗಿದ್ರೆ ಸಾಕು, ನನ್ನ ಲಂಗದೊಳಗೆ ನುಗ್ತಿತ್ತು. ಅಪ್ಪಂಗೆ ವರ್ಗ ಆಯ್ತು, ಬಿಟ್ಟು ಬಂದ್ವಿ. ಪ್ಲಾಟ್‌ಫಾರ್ಮ್ ಕೊನೇವರ್ಗೂ ಓಡಿ ಬಂತು. ಆಮೇಲೆ ನಾನು ಯಾವ ನಾಯೀನೂ ಮುಟ್ಟಿಲ್ಲ."

ಕೋಸಂಬರಿ ನಿಟ್ಟುಸಿರು ಬಿಟ್ಟು ಕಣ್ಣು ಮುಚ್ಚಿತು. ನನ್ನ ಅಂಗೈಯ ಡೋಲು ನಿಧಾನವಾಯಿತು. ಆಹಾ, ನನ್ನ ಪ್ರತಿಜ್ಞೆ ನೆರವೇರಿತು ಎಂದುಕೊಳ್ಳುತ್ತಾ ನಾನೂ ತೇಲಿಹೋದೆ.

ಫಕ್ಕನೆ ದೀಪ ಹೊತ್ತಿತು.

"ಓ ಮೈ ಗಾಡ್! ವಾಟ್ ಈಸ್ ಗೋಯಿಂಗ್ ಆನ್?" ಗೆಳತಿಯ ಮನೆಯಿಂದ ಬಂದ ಅವನಿ ಬಗ್ಗಿ ನೋಡುತ್ತಿದ್ದಳು.

"ಶ್! ನಾವೆಲ್ಲ ಕೋಸಂಬರಿಯ ಮಂಪರು ತಿಂಡಿ ತಿಂದುಬಿಟ್ಟಿದ್ದೀವಿ ಮಗಳೇ. ಏಳೋಕಾಗಲ್ಲ" ಎಂದೆ, ಸ್ವಪ್ನಲೋಕದಿಂದ.

"ವಾಟ್ ಮಂಪರು? ಅಪ್ಪಾ, ಯು ಬಾಟ್ ದ ರಾಂಗ್ ಬ್ಯಾಗ್! ಐ ಟ್ರೈಡ್ ಟು ಟೆಲ್ ಯು! ಅದು ಹಲ್ಲು ಕ್ಲೀನ್ ಮಾಡೋದು. ಇಟ್ಸ್ ಫಾರ್ ಬ್ಯಾಡ್ ಬ್ರೆತ್!"

ಮೇಜಿನಡಿ ನಾಲ್ವರ ಬಾಯಿಯಿಂದಲೂ ಪುದೀನದ ಪರಿಮಳ ಹೊರಡುತ್ತಿತ್ತು.

ಮಂಜೇಶ್ ದಡಕ್ಕನೆ ಎದ್ದು ಮೇಜಿಗೆ ತಲೆ ಬಡಿಸಿಕೊಂಡರು. ನಾಲಿಗೆಯ ಭಾರ ಇಳಿದು, ಮನೆ ಬೆಲೆಯ ಮಾತು ನಿಂತಲ್ಲಿಂದಲೇ ಮುಂದುವರಿಯಿತು. ರಾಜಿಗೆ ನನ್ನ ಮೇಲಿನ ಸಿಟ್ಟು ಬಡ್ಡಿ ಸಮೇತ ವಾಪಸಾಯಿತು. "ಒಂದು ಚೀಲ ಓದೋಕೆ ಬರಲ್ವಾ ನಿಮಗೆ?" ಎನ್ನುತ್ತಾ ಕರ್ಜಿಕಾಯಿ ತಟ್ಟೆಯನ್ನು ನನ್ನಿಂದ ದೂರ ಒಯ್ದಳು.

"ಏಳು ಸುಧಾ, ಏನೂ ಆಗಿಲ್ವಂತೆ. ಊಟ ಮಾಡಣ" ಎಂದರು ಮಂಜೇಶ್.

ಸುಧಾಮಣಿಯವರು ಕದಲಲಿಲ್ಲ. ಅವರ ಅಂಗೈಯಲ್ಲಿ ಕೋಸಂಬರಿ ಗೊರಕೆ ಹೊಡೆಯುತ್ತಿತ್ತು. ಹೊರಗೆ ಆಕಾಶವೇ ಬಿರಿಯುವಂತೆ ಕೊನೆಯ ಸುತ್ತಿನ ಬಾಣಗಳು ಸಿಡಿಯುತ್ತಿದ್ದವು.

"ನಂಗಿನ್ನೂ ಮಂಪರು ಇದೆ. ನೀವು ಮಾಡಿ" ಎಂದರು.

ಈಗ ನಮ್ಮ ಮನೆಯ ಪರಿಸ್ಥಿತಿ ಹೀಗಿದೆ. ಕುಕ್ಕರ್ ಕೂಗಲಿ, ಕಸದ ಗಾಡಿ ಬರಲಿ, ಪಕ್ಕದ ಮನೆಯವರು ಎಲೆ ಊದುವ ಯಂತ್ರ ಶುರು ಮಾಡಲಿ, ಕೋಸಂಬರಿ ನೇರವಾಗಿ ಮೇಜಿನ ಕೆಳಗೆ ಹೋಗಿ ನನ್ನ ಕಡೆ ತಿರುಗಿ ಒಂದೇ ಒಂದು ಸಲ ಬೊಗಳುತ್ತದೆ. ಹೆದರಿಕೆಯ ಸುಳಿವೇ ಇಲ್ಲದ, ಠೀವಿಯ ದನಿ. ನಾನು ಮೀಟಿಂಗಿನಲ್ಲಿದ್ದರೆ ಲ್ಯಾಪ್‌ಟಾಪ್ ಸಮೇತ ಇಳಿಯುತ್ತೇನೆ. ಕ್ಯಾಮೆರಾದಲ್ಲಿ ಕುರ್ಚಿಯ ಕಾಲು ಕಂಡವರಿಗೆ ಹೊಸ ಹಿನ್ನೆಲೆ ಚಿತ್ರ ಎಂದಿದ್ದೇನೆ.

ಮೊನ್ನೆ ಹಾಗೆಯೇ ಮಲಗಿದ್ದಾಗ ಸುಧಾಮಣಿಯವರ ಫೋನು ಬಂತು. ರಾಜಿ ಸ್ಪೀಕರಿಗೆ ಹಾಕಿ ಬೀನ್ಸ್ ಹೆಚ್ಚುತ್ತಿದ್ದಳು.

"ಹೇಗಿದೆ ರಾಜಿ ನಮ್ಮ ಕೋಸಂಬರಿ? ಏನಾದ್ರೂ ಟ್ರೇನಿಂಗ್ ಗೀನಿಂಗ್ ಶುರು ಮಾಡಿದ್ರಾ?"

"ಶುರು ಏನು, ಮುಗಿದೇ ಹೋಯ್ತು ಸುಧಾ!" ಎಂದಳು ನನ್ನ ಹೆಂಡತಿ, ಹೆಮ್ಮೆಯಿಂದ. "ಒಂದ್ ಸಲ ಬೊಗಳಿದ್ರೆ ಸಾಕು, ಎಲ್ಲಿದ್ರೂ ಓಡಿ ಬಂದು ತೆಪ್ಪಗೆ ಮಲಗ್ತಾರೆ."