ಗ್ರಾವ್‌ಕೋಗಲ್‌ಗೆ ಹೋಗುವ ಗುಟ್ಟು

ಕಸ್ಸಿಯಾನ್ ಹಾಡುಹಗಲಲ್ಲೇ ಕಿಟಕಿಯ ಪರದೆ ಎಳೆದದ್ದೇ ತಪ್ಪಾಯಿತು.

ಫ್ಲಾಸ್ ಹಳ್ಳಿಯಲ್ಲಿ ಚಳಿಗಾಲದ ಶನಿವಾರ ಯಾರಾದರೂ ಪರದೆ ಎಳೆದರೆ ಒಂದೋ ಮನೆಯಲ್ಲಿ ಹೆಣ ಇರಬೇಕು, ಇಲ್ಲವೇ ಮೇಜಿನ ಮೇಲೆ ಬೆಟ್ಟದ ನಕ್ಷೆ ಇರಬೇಕು. ಕಸ್ಸಿಯಾನ್‌ನ ಮನೆಯಲ್ಲಿ ಸಾಯಲು ಅವನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ವಾರದ ಮೊದಲಲ್ಲಿ ಬಿದ್ದ ಹಿಮ ಚೆನ್ನಾಗಿ ಕೂತಿತ್ತು, ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಎದುರುಮನೆಯ ಗೆಬ್‌ಹಾರ್ಟ್ ಹೆಚ್ಚು ಯೋಚಿಸಬೇಕಾಗಲಿಲ್ಲ.

ಯಾರೂ ತುಳಿಯದ ಇಳಿಜಾರಿನಲ್ಲಿ ಸ್ಕೀ ಕಟ್ಟಿಕೊಂಡು ಮೊದಲ ಗೆರೆ ಎಳೆಯುವುದೆಂದರೆ ಫ್ಲಾಸ್‌ನವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಕಳೆದ ಚಳಿಗಾಲದಲ್ಲಿ ಕಸ್ಸಿಯಾನ್ ಅಂಥದೊಂದು ಜಾಗ ಕಂಡುಹಿಡಿದು, ತಾನು ಕೆಲಸ ಮಾಡುವ ಚೀಸ್ ಡೈರಿಯಲ್ಲಿ ಬಾಯಿತಪ್ಪಿ ಹೇಳಿದ್ದ. ಮರುದಿನ ಅವನು ಹೋಗುವಷ್ಟರಲ್ಲಿ ಆ ಇಳಿಜಾರು ಉತ್ತ ಹೊಲದಂತಾಗಿತ್ತು. ತುದಿಯಲ್ಲಿ ಗೆಬ್‌ಹಾರ್ಟ್ ಕೂತು ಸಾಸೇಜು ತಿನ್ನುತ್ತಿದ್ದ. ಅಂದಿನಿಂದ ಕಸ್ಸಿಯಾನ್ ತನ್ನ ನೆರಳಿಗೂ ದಾರಿ ಹೇಳುತ್ತಿರಲಿಲ್ಲ.

ಈ ಸಲ ಹಿಮಕ್ಕಿಂತ ದೊಡ್ಡ ವಿಷಯವಿತ್ತು. ಪಟ್ಟಣದಿಂದ ಬಂದ ಶಾಲೆಯ ಟೀಚರ್ ಒಟ್ಟೀಲಿ ನಾಳೆ ಅವನ ಜೊತೆ ಗ್ರಾವ್‌ಕೋಗಲ್‌ನ ಹಿಮನದಿ ಹತ್ತಿ ಶಿಖರಕ್ಕೆ ಬರಲು ಒಪ್ಪಿದ್ದಳು. ಶಿಖರದ ಮೇಲೆ, ಸುತ್ತ ಯಾರೂ ಇಲ್ಲದ ಮೌನದಲ್ಲಿ, ಎರಡು ಚಳಿಗಾಲದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಅವಳಿಗೆ ಹೇಳಿಬಿಡಬೇಕು ಎಂಬುದು ಅವನ ಆಸೆ. ಅವಳದು ಒಂದೇ ಷರತ್ತು.

“ಎಲ್ಲಾ ಕ್ರಮವಾಗಿ ಇರಬೇಕು. ಹಳ್ಳಿಯಲ್ಲಿ ಒಬ್ಬರಿಗಾದ್ರೂ ನಾವು ಹೋಗೋ ದಾರಿ, ವಾಪಸ್ ಬರೋ ಹೊತ್ತು ಗೊತ್ತಿರಬೇಕು. ನನ್ನ ತಮ್ಮ ಮನೇಲಿ ಒಂದು ಬೆಟ್ಟ ಹೇಳಿ ಇನ್ನೊಂದಕ್ಕೆ ಹೋದ. ವಾಪಸ್ ಬರ್ಲಿಲ್ಲ, ಹುಡುಕೋರು ಎರಡು ದಿನ ತಪ್ಪು ಬೆಟ್ಟ ಅಗೆದ್ರು. ಜೀವ ಉಳೀತು, ಚಳಿಗೆ ಕಾಲ್ಬೆರಳು ಹೋಯ್ತು.”

“ನನ್ನನ್ನ ನಂಬಿ, ಟೀಚರ್,” ಎಂದಿದ್ದ ಕಸ್ಸಿಯಾನ್.

ಯೋಜನೆಯಲ್ಲಿ ಕೊರತೆ ಇರಲಿಲ್ಲ. ಹಿಮಕುಸಿತದ ವರದಿ ಓದಿದ್ದ. ಮೂವತ್ತು ಡಿಗ್ರಿಗಿಂತ ಕಡಿದಾದ ಜಾಗಗಳನ್ನೆಲ್ಲ ಸುತ್ತುಹಾಕುವ ದಾರಿ ಗುರುತಿಸಿದ್ದ. ಹಿಮನದಿಯ ಬಿರುಕುಗಳಿಗೆ ಹಗ್ಗ, ಹಿಮದಡಿ ಹೂತವರನ್ನು ಹುಡುಕುವ ಬೀಪ್ ಯಂತ್ರ, ಮೋಡ ಕವಿದರೆ ತಿರುಗಿಬರುವ ಜಾಗ, ಎಲ್ಲ ಸಿದ್ಧವಿತ್ತು. ಉಳಿದದ್ದು ಒಂದೇ: ಯಾರಿಗೆ ಹೇಳಿಹೋಗುವುದು? ಒಬ್ಬರಿಗೆ ಹೇಳಿದರೆ ಊರಿಗೇ ಹೇಳಿದಂತೆ.

ಬಾಗಿಲು ಬಡಿಯಿತು. ಗೆಬ್‌ಹಾರ್ಟ್.

“ಸ್ವಲ್ಪ ಮೇಣ ಇದ್ರೆ ಕೊಡೋ, ಸ್ಕೀಗೆ ಹಚ್ಚಬೇಕಿತ್ತು,” ಎಂದವನು ಕಸ್ಸಿಯಾನ್‌ನ ಹೆಗಲ ಮೇಲಿಂದ ಕತ್ತನ್ನು ಕೊಕ್ಕರೆಯಂತೆ ಒಳಗೆ ಚಾಚಿದ. “ಏನೋ ಕತ್ತಲೆ ಮಾಡ್ಕೊಂಡು ಕೂತಿದ್ದೀಯ?”

“ಕಣ್ಣು ನೋವು.”

“ಕಣ್ಣು ನೋವಿಗೆ ನಕ್ಷೆ ಓದ್ತಾರೇನೋ? ಎಲ್ಲಿಗೆ, ಹೇಳು ಮಾರಾಯ. ನಾನೇನು ಪರಕೀಯನಾ?”

“ರೋಟ್‌ಸ್ಪಿಟ್ಸ್‌ಗೆ,” ಎಂದ ಕಸ್ಸಿಯಾನ್, ತೆಗೆದುಬಿಟ್ಟ ಬಾಯಿಯನ್ನು ಸುಳ್ಳಿನಿಂದ ಮುಚ್ಚುತ್ತ. ಗೆಬ್‌ಹಾರ್ಟ್ ಮೇಣವನ್ನು ಮರೆತೇ ಹೊರಟುಹೋದ.

ದಾರಿಯ ಊಟಕ್ಕೆಂದು ನೋಟ್‌ಬುರ್ಗಾ ಅಜ್ಜಿಯ ಅಂಗಡಿಗೆ ಹೋದರೆ ಅಲ್ಲಿ ಇನ್ನೊಂದು ಪೇಚು. ಅಜ್ಜಿ ಹೊಗೆಯಾಡಿಸಿದ ಹಂದಿಮಾಂಸವನ್ನು ಕೊಯ್ಯುತ್ತ ಕತ್ತಿಯನ್ನು ಅರ್ಧಕ್ಕೇ ನಿಲ್ಲಿಸಿದಳು.

“ಇದು ಇಬ್ಬರಿಗಾಗೋವಷ್ಟಿದೆ. ನಿನ್ನ ಹೊಟ್ಟೆ ನನಗೆ ಗೊತ್ತಿಲ್ವಾ? ಯಾರು ಅವಳು?”

“ಯಾರೂ ಇಲ್ಲ ಅಜ್ಜಿ. ದೂರದ ದಾರಿ, ಹಸಿವಾಗುತ್ತೆ.”

“ಎಲ್ಲಿಗಪ್ಪಾ ಅಂಥ ಹಸಿವಿನ ದಾರಿ?”

ಹಿಂದೆ ನಿಂತಿದ್ದ ಮೂವರು ಗಿರಾಕಿಗಳು ಉಸಿರಾಡುವುದನ್ನೇ ಬಿಟ್ಟರು. ಅವರಲ್ಲಿ ಒಬ್ಬ ಗೆಬ್‌ಹಾರ್ಟ್‌ನ ಭಾವಮೈದ ಎಂಬುದು ಕಸ್ಸಿಯಾನ್‌ಗೆ ಥಟ್ಟನೆ ಹೊಳೆಯಿತು. ರೋಟ್‌ಸ್ಪಿಟ್ಸ್ ಎಂದರೆ ನಂಬಿಬಿಡುತ್ತಾರೆ, ನಂಬಿದರೆ ಹೆಂಡತಿ ಮಕ್ಕಳ ಸಮೇತ ಹೊರಡುತ್ತಾರೆ. ಅಲ್ಲಿಂದ ನೋಡಿದರೆ ಗ್ರಾವ್‌ಕೋಗಲ್‌ನ ಒಂದು ಮಗ್ಗುಲು ಕಾಣುತ್ತದೆ!

“ವಿಲ್ಡ್‌ಕಾರ್‌ಗೆ,” ಎಂದ.

ಅವನು ಹೊರಬಿದ್ದ ಮೇಲೆ ಅಂಗಡಿಯೊಳಗೆ ಜೇನುಗೂಡಿಗೆ ಕಲ್ಲು ಬಿದ್ದ ಸದ್ದಾಯಿತು. ಬೀದಿಯಲ್ಲಿ ಅವನು ನಿಂತರೆ ಹಿಂದೆ ಬರುತ್ತಿದ್ದವರೂ ನಿಂತು ಬೂಟಿನ ದಾರ ಕಟ್ಟಿಕೊಂಡರು. ಫ್ಲಾಸ್‌ನಲ್ಲಿ ಅಷ್ಟೊಂದು ದಾರಗಳು ಒಮ್ಮೆಗೇ ಬಿಚ್ಚಿಹೋದದ್ದನ್ನು ಅವನು ಎಂದೂ ಕಂಡಿರಲಿಲ್ಲ.

ಆಗ ನೆನಪಾದವನು ರೊಮೇಡ್. ಹಿಮ ತೆಗೆಯುವ ಗಾಡಿ ಓಡಿಸುವವನು, ಒಂಟಿ. ವರ್ಷಗಟ್ಟಲೆ ಎಂಜಿನ್ನಿನ ಸದ್ದಿನಲ್ಲಿ ಕೂತು ಮಾತಿನ ಗೊಡವೆಯನ್ನೇ ಬಿಟ್ಟವನು. ಅವನು ಸುಮ್ಮನಿದ್ದರೆ ಖಾಲಿಯಾಗಿದ್ದಾನೋ ತುಂಬಿಕೊಂಡಿದ್ದಾನೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಸ್ಸಿಯಾನ್ ಹಿಂಬಾಗಿಲಿಂದ ಗಾಡಿಯ ಕೊಟ್ಟಿಗೆ ಹೊಕ್ಕು, ದಾರಿ, ಇಳಿಜಾರು, ಹೊತ್ತು ಎಲ್ಲವನ್ನೂ ಅವನ ಕಿವಿಯಲ್ಲಿ ಸುರಿದ.

“ಯಾರು ಬಂದು ಕೇಳಿದ್ರೂ ಬಾಯಿ ಬಿಡಕೂಡದು. ಆಣೆ ಮಾಡು.”

ರೊಮೇಡ್ ತಲೆಯಾಡಿಸಿದ. ಕಸ್ಸಿಯಾನ್ ಹೂವಿನಷ್ಟು ಹಗುರಾಗಿ ಮನೆಗೆ ಬಂದ.

ಮನೆಯ ಮುಂದೆ ಒಟ್ಟೀಲಿ ಕಾಯುತ್ತಿದ್ದಳು. ಚಳಿಗೋ ಸಿಟ್ಟಿಗೋ ಕಿವಿಗಳು ಕೆಂಪಾಗಿದ್ದವು.

“ನಾಳೆ ನಾವು ಎಲ್ಲಿಗೆ ಹೋಗ್ತಿದ್ದೀವಿ?”

“ಗ್ರಾವ್‌ಕೋಗಲ್‌ಗೆ, ಟೀಚರ್.”

“ಅಂಗಡಿ ಅಜ್ಜಿ ವಿಲ್ಡ್‌ಕಾರ್ ಅಂತಾರೆ. ಗೆಬ್‌ಹಾರ್ಟ್ ರೋಟ್‌ಸ್ಪಿಟ್ಸ್ ಅಂತಾನೆ. ನನ್ನ ತಮ್ಮ ಒಂದೇ ತಪ್ಪು ಬೆಟ್ಟ ಹೇಳಿದ್ದು, ನೀವು ಎರಡು ಹೇಳಿದ್ದೀರಿ!”

“ಅದು ಅವರಿಗೆ! ನಿಜ ಹೇಳಿರೋದು ರೊಮೇಡ್‌ಗೆ. ಬನ್ನಿ, ಅವನನ್ನೇ ಕೇಳಿ!”

ಇಬ್ಬರೂ ಕೊಟ್ಟಿಗೆಗೆ ಬಂದರು. ರೊಮೇಡ್ ಗಾಡಿಯ ಸರಪಳಿಗೆ ಎಣ್ಣೆ ಹಾಕುತ್ತಿದ್ದ.

“ಇವರು ನಿಮಗೆ ನಾಳಿನ ದಾರಿ ಏನಾದ್ರೂ ಹೇಳಿದ್ರಾ?” ಎಂದಳು ಒಟ್ಟೀಲಿ.

“ಇಲ್ಲ.”

“ರೊಮೇಡ್! ಹೇಳೋ ಮಾರಾಯ! ಆಣೆ ವಾಪಸ್ ತಗೊಂಡಿದ್ದೀನಿ, ಎಲ್ಲಾ ಹೇಳು!”

ರೊಮೇಡ್ ಅವನನ್ನು ಒಂದು ಗಳಿಗೆ ದಿಟ್ಟಿಸಿದ. ‘ನನ್ನನ್ನೇ ಪರೀಕ್ಷೆ ಮಾಡ್ತೀಯಾ?’ ಎಂಬಂತೆ ಒಂದು ಕಣ್ಣು ಮಿಟುಕಿಸಿ ಮತ್ತೆ ಎಣ್ಣೆಯತ್ತ ತಿರುಗಿದ. ಕಸ್ಸಿಯಾನ್ ಗೋಗರೆದ, ಅವನ ತೋಳು ಹಿಡಿದು ಅಲ್ಲಾಡಿಸಿದ. ಬಂಡೆಯಾದರೂ ಮರುದನಿ ಕೊಟ್ಟೀತು.

ಒಟ್ಟೀಲಿ ಹೊರಡಲು ತಿರುಗಿದಳು. ಗೋಡೆಗೆ ಒರಗಿಸಿದ್ದ ಸ್ಕೀಗಳು ಕಂಡವು. ಬೆಟ್ಟ ಹತ್ತುವಾಗ ಜಾರದಂತೆ ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿಗಳು ಆಗಲೇ ಸಿದ್ಧವಾಗಿದ್ದವು.

“ನೀವೂ ನಾಳೆ ಹೊರಟಿದ್ದೀರಾ? ಎಲ್ಲಿಗೆ?”

“ಗ್ರಾವ್‌ಕೋಗಲ್.”

“ಇಳಿಜಾರು?”

“ಮೂವತ್ತರೊಳಗೆ.”

“ಹಿಮನದಿ ಮೇಲೆ?”

“ಹಗ್ಗ.”

“ಮೋಡ ಬಂದ್ರೆ?”

“ವಾಪಸ್.”

ರೊಮೇಡ್‌ನ ಲೆಕ್ಕದಲ್ಲಿ ಇದು ಭಾಷಣ. ಒಟ್ಟೀಲಿಯ ಮುಖ ಕರಗತೊಡಗಿತು.

“ಅದು ನನ್ನ ಯೋಜನೆ, ಟೀಚರ್!” ಕಸ್ಸಿಯಾನ್ ಕಿರುಚಿದ. “ಒಂದೊಂದು ಮಾತೂ ನಂದು!”

“ನೀವು ಏನೂ ಹೇಳಿಲ್ಲ ಅಂತ ಅವರೇ ಹೇಳಿದ್ರಲ್ಲ. ಈ ಊರಲ್ಲಿ ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟವರು ಇವರೊಬ್ಬರೇ.” ಅವಳು ರೊಮೇಡ್‌ನತ್ತ ತಿರುಗಿದಳು. “ನಾನೂ ಬರಲಾ? ಆದ್ರೆ ಕೆಳಗೆ ಯಾರಿಗಾದ್ರೂ ದಾರಿ ಗೊತ್ತಿರಬೇಕು. ಯಾರಿಗೆ ಹೇಳಿ ಬರ್ತೀಯ?”

ಎರಡು ಚಳಿಗಾಲ ಕಾದರೂ ಕಸ್ಸಿಯಾನ್‌ಗೆ ಸಿಗದ ಏಕವಚನ ರೊಮೇಡ್‌ಗೆ ಎರಡು ನಿಮಿಷದಲ್ಲಿ ಸಿಕ್ಕಿತ್ತು. ರೊಮೇಡ್ ಸ್ವಲ್ಪ ಯೋಚಿಸಿ, ಎಣ್ಣೆಯ ಬೆರಳನ್ನು ಕಸ್ಸಿಯಾನ್‌ನತ್ತ ಚಾಚಿದ.

“ಸರಿ, ಅವರಿಗೆ ದಾರಿ ಚೆನ್ನಾಗಿ ಗೊತ್ತು,” ಎಂದ ಒಟ್ಟೀಲಿ ಕಸ್ಸಿಯಾನ್‌ನತ್ತ ತಿರುಗಿದಳು. “ನಡುಹಗಲಿಗೆ ನಾವು ಬರದೇ ಇದ್ರೆ ರಕ್ಷಣಾ ತಂಡಕ್ಕೆ ತಿಳಿಸಿಬಿಡಿ. ದಯವಿಟ್ಟು ಆಗಲಾದ್ರೂ ಸರಿಯಾದ ಬೆಟ್ಟ ಹೇಳಿ.”

ಕಸ್ಸಿಯಾನ್ ಹೊರಬಂದರೆ ಕೊಟ್ಟಿಗೆಯ ಮುಂದೆ ಗೆಬ್‌ಹಾರ್ಟ್ ಸಮೇತ ಅರ್ಧ ಊರು ಬೂಟಿನ ದಾರ ಕಟ್ಟಿಕೊಳ್ಳುತ್ತಿತ್ತು.

“ಟೀಚರ್ ಎಲ್ಲಿಗಂತೋ?” ಎಂದ ಗೆಬ್‌ಹಾರ್ಟ್.

ಕಸ್ಸಿಯಾನ್‌ನ ಎದೆಯಲ್ಲಿ ಒಂದು ಕೆಟ್ಟ ಸಂತೋಷ ಮಿನುಗಿತು. ಬರಲಿ, ಊರಿಗೆ ಊರೇ ಬರಲಿ! ಆ ಇಳಿಜಾರು ಸಂತೆಯಾಗಲಿ!

“ಗ್ರಾವ್‌ಕೋಗಲ್‌ಗೆ!” ಎಂದು ಗಂಟಲು ಬಿರಿಯುವಂತೆ ಕೂಗಿದ. “ಉತ್ತರದ ದಾರಿ! ಬೆಳಕು ಹರಿಯೋ ಮೊದಲು ಹೊರಡ್ತಾರೆ! ನನ್ನ ತಾಯಾಣೆ!”

ಗೆಬ್‌ಹಾರ್ಟ್ ನಕ್ಕು ಅವನ ಬೆನ್ನು ತಟ್ಟಿದ.

“ನೀನು ತಾಯಾಣೆ ಇಟ್ಮೇಲೆ ಮುಗೀತು. ಗ್ರಾವ್‌ಕೋಗಲ್ ಒಂದು ಬಿಟ್ಟು ಬೇರೆ ಎಲ್ಲಾದ್ರೂ ಸರಿ, ನಡೀರೋ!”

ಮರುದಿನ ಅರ್ಧ ಊರು ರೋಟ್‌ಸ್ಪಿಟ್ಸ್‌ಗೆ ಹೋಯಿತು, ಉಳಿದರ್ಧ ವಿಲ್ಡ್‌ಕಾರ್‌ಗೆ. ಕಸ್ಸಿಯಾನ್ ಕಿಟಕಿಯಲ್ಲಿ ದುರ್ಬೀನು ಹಿಡಿದು ಕೂತಿದ್ದ. ಗ್ರಾವ್‌ಕೋಗಲ್‌ನ ಬಿಳಿ ಇಳಿಜಾರಿನ ಮೇಲೆ ಎರಡೇ ಎರಡು ಗೆರೆಗಳು, ಒಂದನ್ನೊಂದು ದಾಟುತ್ತ, ಮತ್ತೆ ಸೇರುತ್ತ, ಯಾವ ಅವಸರವೂ ಇಲ್ಲದೆ ಇಳಿದು ಬರುತ್ತಿದ್ದವು. ಅವನು ತನ್ನ ಯೋಜನೆಯಲ್ಲಿ ಒಂದೇ ಒಂದು ತಪ್ಪಾದರೂ ಇದ್ದೀತೇ ಎಂದು ಹುಡುಕಿದ. ಇರಲಿಲ್ಲ.